ತವರ: ಕಂಚು, ಕಲಾಯಿ, ಬೆಸುಗೆ

ಬಸದಿಯ ಲೋಹಸಾಮಗ್ರಿಯಲ್ಲಿ ಕಿವಿಗೆ ಬೀಳುವ ಹೆಸರುಗಳು ನಾಲ್ಕಾರು. ಗಂಟೆ ಕಂಚಿನದು, ಬಿಂಬ ಪಂಚಲೋಹದ್ದು, ಕೊಡ ತಾಮ್ರದ್ದು, ದೀಪಸ್ತಂಭ ಹಿತ್ತಾಳೆಯದು, ಅಭಿಷೇಕದ ಕಲಶ ಬೆಳ್ಳಿಯದು. ತವರದ್ದೆಂದು ಹೇಳಿಸಿಕೊಳ್ಳುವ ವಸ್ತು ಒಂದೂ ಸಿಕ್ಕುವುದಿಲ್ಲ. ಆದರೆ ಗಂಟೆಯೊಳಗಿನ ತವರವಿಲ್ಲದಿದ್ದರೆ ಆ ನಾದವಿಲ್ಲ. ಪಾಕಶಾಲೆಯ ತಾಮ್ರದ ಕೊಪ್ಪರಿಗೆಯ ಒಳಮೈಯಿಂದ ತವರ ಸವೆದುಹೋದರೆ ಅದರಲ್ಲಿ ಹುಳಿಯ ಪದಾರ್ಥ ಬೇಯಿಸುವಂತಿಲ್ಲ. ಸೋರುವ ಪಾತ್ರೆಯ ತೂತು ಮುಚ್ಚುವುದಕ್ಕೂ ತವರವೇ ಬೇಕು. ತಾನೊಂದೇ ನಿಂತು ಹೆಸರು ಪಡೆಯದೆ, ಬೇರೆ ಲೋಹಗಳ ಒಳಗೆ, ಮೇಲೆ ಮತ್ತು ನಡುವೆ ಇದ್ದುಕೊಂಡು ಕೆಲಸ ಮಾಡಿದ ಲೋಹ ಇದು. ಈ ಕಾರಣದಿಂದಲೇ ಇರಬೇಕು, ಬಂಗಾರ ಬೆಳ್ಳಿಗಳ ಚರಿತ್ರೆ ಬರೆದವರಷ್ಟು ಜನ ತವರದ ಚರಿತ್ರೆಯನ್ನು ಬರೆದಿಲ್ಲ. ಕರ್ನಾಟಕದ ಜೈನ ಸಮಾಜಕ್ಕಂತೂ ಈ ಲೋಹದೊಡನೆ ನಂಟು ಹಳೆಯದು. ಸಮಾಜದ ಒಂದು ಪಂಗಡದ ಹೆಸರೇ ಅದಕ್ಕೆ ಸಾಕ್ಷಿಯಾಗಿದೆ. ಆ ವಿಷಯ ಮುಂದೆ ಬರುತ್ತದೆ.

ಸಂಸ್ಕೃತದಲ್ಲಿ ತವರಕ್ಕೆ ತ್ರಪು, ವಂಗ ಎಂಬ ಹೆಸರುಗಳಿವೆ. ಪ್ರಾಕೃತದಲ್ಲಿ ಅದು ತಉ, ತಉಯ. ತಮಿಳಿನಲ್ಲಿ ತಗರಂ, ತೆಲುಗಿನಲ್ಲಿ ತಗರಮು. ಶುಕ್ಲಯಜುರ್ವೇದದ ವಾಜಸನೇಯಿ ಸಂಹಿತೆಯಲ್ಲಿ ಲೋಹಗಳನ್ನು ಎಣಿಸುವಾಗ ಸೀಸದ ಜೊತೆಯಲ್ಲಿ ತ್ರಪುವಿನ ಹೆಸರು ಬರುತ್ತದೆ. ಜೈನ ವಾಙ್ಮಯದಲ್ಲಿ ಇದರ ಸ್ಥಾನ ಇನ್ನೂ ಕುತೂಹಲಕರ. ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ಪೃಥ್ವೀಕಾಯದ 36 ಭೇದಗಳನ್ನು ಹೇಳುವಲ್ಲಿ ಮಣ್ಣು, ಮರಳು, ಕಲ್ಲು, ಉಪ್ಪುಗಳ ಬಳಿಕ ಕಬ್ಬಿಣ, ತಾಮ್ರ, ತವರ, ಸೀಸ, ಬೆಳ್ಳಿ, ಬಂಗಾರ, ವಜ್ರ ಎಂಬ ಕ್ರಮ ಬಂದಿದೆ. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನ ಸೂತ್ರದ ಕೊನೆಯ ಅಧ್ಯಯನದಲ್ಲಿಯೂ ಇದೇ ಕ್ರಮವಿದೆ. ಎರಡು ಸಂಪ್ರದಾಯಗಳೂ ಒಂದೇ ಪಟ್ಟಿಯನ್ನು ಕಾಪಾಡಿಕೊಂಡು ಬಂದಿರುವುದರಿಂದ, ಅವು ಬೇರ್ಪಡುವುದಕ್ಕೆ ಮುಂಚೆಯೇ ತವರ ಮತ್ತು ಸೀಸಗಳನ್ನು ಎರಡು ಬೇರೆ ಲೋಹಗಳೆಂದು ನಮ್ಮ ಹಿರಿಯರು ತಿಳಿದಿದ್ದರೆಂದು ಊಹಿಸಬಹುದು. ಇದು ಸಣ್ಣ ಮಾತಲ್ಲ. ರೋಮನರು ತವರವನ್ನು ಬಿಳಿಯ ಸೀಸವೆಂದೂ ಸೀಸವನ್ನು ಕರಿಯ ಸೀಸವೆಂದೂ ಒಂದೇ ಹೆಸರಿನ ಎರಡು ಬಗೆಯಾಗಿ ಕರೆಯುತ್ತಿದ್ದರು.

ಈ ಎರಡು ಲೋಹಗಳ ಭೇದವನ್ನು ತಿಳಿಯದಿರುವುದು ಇಂದಿಗೂ ಕೇಡಿಗೆ ಕಾರಣವಾಗುತ್ತಿರುವುದರಿಂದ ಅದನ್ನು ಇಲ್ಲಿಯೇ ಸ್ಪಷ್ಟಪಡಿಸುವುದು ಉಚಿತ. ತವರ ಬೆಳ್ಳಿಯಂತೆ ಬಿಳಿಯ ಬಣ್ಣದ್ದು, ನೀರಿನ ಏಳು ಪಾಲಿಗಿಂತ ಸ್ವಲ್ಪ ಹೆಚ್ಚು ತೂಕದ್ದು, 232 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವಂಥದ್ದು. ಸೀಸ ನೀರಿನ ಹನ್ನೊಂದು ಪಾಲಿಗಿಂತ ಹೆಚ್ಚು ತೂಕದ್ದು, ಕರಗುವುದು 327 ಡಿಗ್ರಿಯಲ್ಲಿ. ತಾಮ್ರ ಕರಗಲು 1,085 ಡಿಗ್ರಿ ಬೇಕು. ತವರ ಗಾಳಿಗೂ ನೀರಿಗೂ ಸುಲಭವಾಗಿ ಕೆಡುವುದಿಲ್ಲ, ಆಹಾರದೊಡನೆ ಬೆರೆತರೆ ಅಷ್ಟಾಗಿ ತೊಂದರೆ ಮಾಡುವುದಿಲ್ಲ. ಸೀಸವಾದರೋ ಸ್ವಲ್ಪ ಸ್ವಲ್ಪವಾಗಿ ದೇಹದಲ್ಲಿ ಸೇರಿಕೊಂಡು ನರಗಳನ್ನೂ ರಕ್ತವನ್ನೂ ಕೆಡಿಸುವ ವಿಷ. ಬೆಳೆಯುವ ಮಕ್ಕಳ ಮಿದುಳಿಗೆ ವಿಶೇಷವಾಗಿ ಹಾನಿಕರ. ಬಿದರಿಯ ಕಲೆಗೆ ಬಳಸುವ ಲೋಹವನ್ನು ಕೆಲವರು ತವರವೆನ್ನುವುದುಂಟು. ಅದೂ ಸರಿಯಲ್ಲ; ಬಿದರಿಯ ಪಾತ್ರೆಯ ಮೈ ಮುಖ್ಯವಾಗಿ ಸತುವಿನದು.

ಭಾರತದಲ್ಲಿ ತವರದ ಅದಿರು ವಿರಳ. ಇಂದು ಗಣಿಯಿಂದ ತವರ ತೆಗೆಯುವ ಪ್ರದೇಶವೆಂದು ಹೇಳಬಹುದಾದದ್ದು ಛತ್ತೀಸಗಡದ ಬಸ್ತರ್ ಸೀಮೆ. ಕರ್ನಾಟಕದಲ್ಲಿ ಬಂಗಾರವುಂಟು, ಕಬ್ಬಿಣವುಂಟು, ತಾಮ್ರವೂ ಉಂಟು. ತವರಕ್ಕೆ ಮಾತ್ರ ಈ ನಾಡಿನಲ್ಲಿ ತವರುಮನೆಯಿಲ್ಲ. ಹೀಗಿರುವಾಗ ಊರೂರಿನ ಗಂಟೆಗೂ ಮನೆಮನೆಯ ಪಾತ್ರೆಗೂ ಬೇಕಾದ ತವರ ಎಲ್ಲಿಂದ ಬಂದಿತು? ಉತ್ತರ ಸಮುದ್ರದಲ್ಲಿದೆ.

ಕ್ರಿಸ್ತಶಕದ ಮೊದಲನೆಯ ಶತಮಾನದ ಗ್ರೀಕ್ ನಾವಿಕನೊಬ್ಬನ ಪೆರಿಪ್ಲಸ್ ಎಂಬ ಬರಹದಲ್ಲಿ, ಬರುಕಚ್ಛಕ್ಕೂ ಮಲಬಾರಿನ ಮುಜಿರಿಸ್ ಪಟ್ಟಣಕ್ಕೂ ಪಶ್ಚಿಮದಿಂದ ಇಳಿಯುತ್ತಿದ್ದ ಸರಕುಗಳಲ್ಲಿ ತಾಮ್ರ, ತವರ, ಸೀಸಗಳ ಹೆಸರಿವೆ. ಅದೇ ಶತಮಾನದ ರೋಮನ್ ಲೇಖಕ ಪ್ಲಿನಿ, ಭಾರತೀಯರು ತಮ್ಮಲ್ಲಿಲ್ಲದ ಲೋಹಗಳಿಗೆ ಬದಲಾಗಿ ಮುತ್ತುರತ್ನಗಳನ್ನು ಕೊಡುತ್ತಾರೆಂದು ಬರೆದಿದ್ದಾನೆ. ಅವನ ಮಾತು ತಾಮ್ರದ ಮಟ್ಟಿಗೆ ಪೂರ್ಣ ಸತ್ಯವಲ್ಲವಾದರೂ ತವರದ ಮಟ್ಟಿಗೆ ಒಪ್ಪಬೇಕಾದದ್ದೇ. ಮುಂದಿನ ಶತಮಾನಗಳಲ್ಲಿ ವ್ಯಾಪಾರದ ದಿಕ್ಕು ಪೂರ್ವಕ್ಕೆ ತಿರುಗಿತು. ಬರ್ಮಾದ ದಕ್ಷಿಣ ತುದಿಯಿಂದ ಥಾಯ್ ದೇಶ, ಮಲಯ ಪರ್ಯಾಯದ್ವೀಪಗಳ ಮೂಲಕ ಬಂಕಾ, ಬೆಲಿತುಂಗ್ ದ್ವೀಪಗಳವರೆಗೆ ಹಬ್ಬಿರುವ ತವರದ ನೆಲ ಜಗತ್ತಿನಲ್ಲಿಯೇ ಶ್ರೀಮಂತವಾದದ್ದು. ಅಲ್ಲಿ ಹೊಳೆಗಳ ಮರಳಿನಲ್ಲಿಯೇ ಅದಿರಿನ ಕರಿಯ ಕಾಳುಗಳು ದೊರೆಯುತ್ತವೆ. ನೀರಿನಲ್ಲಿ ತೊಳೆದು ಇದ್ದಿಲಿನೊಡನೆ ಕುಲುಮೆಗೆ ಹಾಕಿದರೆ ಲೋಹ ಇಳಿಯುತ್ತದೆ.

ದಕ್ಷಿಣ ಭಾರತದ ವರ್ತಕರು ಈ ನೆಲಕ್ಕೆ ಹೋಗಿಬರುತ್ತಿದ್ದುದಕ್ಕೆ ಕಲ್ಲಿನ ಸಾಕ್ಷಿಗಳಿವೆ. ಥಾಯ್ ದೇಶದ ಪಶ್ಚಿಮ ಕರಾವಳಿಯಲ್ಲಿರುವ, ತವರಕ್ಕೆ ಹೆಸರಾದ ತಕುವಾಪಾ ಪ್ರದೇಶದಲ್ಲಿ ಮಣಿಗ್ರಾಮವೆಂಬ ವರ್ತಕ ಸಂಘವನ್ನು ಹೆಸರಿಸುವ ಒಂಬತ್ತನೆಯ ಶತಮಾನದ ತಮಿಳು ಶಾಸನ ದೊರೆತಿದೆ. ಸುಮಾತ್ರಾದ ಬಾರುಸ್ ಎಂಬಲ್ಲಿಯ 1088ರ ಶಾಸನ ಐನೂರ್ವರ ಸಂಘದ್ದು. ಭಾಷೆ ತಮಿಳಾದರೂ ಆ ಸಂಘದ ಮೂಲಸ್ಥಾನ ಕನ್ನಡ ನಾಡಿನ ಅಯ್ಯಾವೊಳೆ, ಎಂದರೆ ಇಂದಿನ ಐಹೊಳೆ. 634ರಲ್ಲಿ ರವಿಕೀರ್ತಿ ಮೇಗುತಿ ಜಿನಾಲಯವನ್ನು ಕಟ್ಟಿಸಿದ ಊರೇ ಇದು. ಮಲಪ್ರಭೆಯ ದಡದ ಊರಿನ ಹೆಸರು ಹೊತ್ತ ವರ್ತಕರು ತವರದ ಕಡಲಿನವರೆಗೆ ಹೋಗಿದ್ದರೆಂಬುದು ನೆನಪಿಡತಕ್ಕ ಸಂಗತಿ.

ಇಲ್ಲಿ ಒಂದು ಶಬ್ದದ ಕಥೆಯನ್ನು ಹೇಳಬೇಕು. ಮಲಯದ ಕರಾವಳಿಯ ಒಂದು ಬಂದರನ್ನು ಅರಬ್ ಭೂಗೋಳಜ್ಞರು ಕಲಃ ಎಂದು ಕರೆದರು. ಅದು ಇಂದಿನ ಕೆಡಾ ಸೀಮೆಯೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಒಂಬತ್ತನೆಯ ಶತಮಾನದ ಇಬ್ನ್ ಖುರ್ದಾದ್‌ಬಿಹ್ ಅಲ್ಲಿಯ ತವರದ ಗಣಿಗಳನ್ನು ಹೇಳಿದ್ದಾನೆ. ಆ ಊರಿನಿಂದ ಬಂದ ತವರಕ್ಕೆ ಅರಬ್ಬಿಯಲ್ಲಿ ಕಲಈ ಎಂದು ಹೆಸರಾಯಿತು. ಪಾರಸಿಯ ಮೂಲಕ, ಉರ್ದುವಿನ ಮೂಲಕ ಅದು ಹಿಂದೂಸ್ಥಾನದ ಪೇಟೆಗಳಿಗೆ ಬಂದಿತು. ಪೋರ್ಚುಗೀಜರೂ ಅದನ್ನೇ ಕಲಾಯಿಂ ಎಂದು ಬರೆದುಕೊಂಡರು. ಕನ್ನಡದಲ್ಲಿ ಆ ಶಬ್ದ ಲೋಹದ ಹೆಸರಾಗಿ ಉಳಿಯದೆ, ಲೋಹದಿಂದ ಮಾಡುವ ಕೆಲಸದ ಹೆಸರಾಯಿತು: ಕಲಾಯಿ. ಅಜ್ಜಿಯರು ಹಬ್ಬಕ್ಕೆ ಮುಂಚೆ ‘ಪಾತ್ರೆಗಳಿಗೆ ಕಲಾಯಿ ಹಾಕಿಸಬೇಕು’ ಎನ್ನುವಾಗ ಕಡಲಾಚೆಯ ಒಂದು ಬಂದರಿನ ಹೆಸರನ್ನು ಹೇಳುತ್ತಿದ್ದರು.

ತವರದ ಮೊದಲ ದೊಡ್ಡ ಉಪಯೋಗ ಕಂಚು. ತಾಮ್ರ ಮೃದುವಾದ ಲೋಹ. ತವರ ಅದಕ್ಕಿಂತಲೂ ಮೃದು. ಇವೆರಡನ್ನು ಕೂಡಿಸಿದರೆ ಎರಡಕ್ಕಿಂತಲೂ ಗಟ್ಟಿಯಾದ ಮೂರನೆಯದೊಂದು ಹುಟ್ಟುವುದು ಲೋಹಶಾಸ್ತ್ರದ ವಿಸ್ಮಯಗಳಲ್ಲಿ ಒಂದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಲೋಹಾಧ್ಯಕ್ಷನು ನಡೆಸಬೇಕಾದ ಕಾರ್ಖಾನೆಗಳಲ್ಲಿ ತಾಮ್ರ, ಸೀಸ, ತ್ರಪು, ಕಾಂಸ್ಯಗಳ ಹೆಸರಿವೆ. ರಸರತ್ನಸಮುಚ್ಚಯವೆಂಬ ರಸಶಾಸ್ತ್ರ ಗ್ರಂಥ ಎಂಟು ಪಾಲು ತಾಮ್ರಕ್ಕೆ ಎರಡು ಪಾಲು ತವರ ಸೇರಿಸಿ ಕಾಂಸ್ಯ ಮಾಡಬೇಕೆಂದು ವಿಧಿಸುತ್ತದೆ. ಗಂಟೆ, ತಾಳ, ಜಾಗಟೆಗಳ ಕಂಚು ಇಂದಿಗೂ ಹೆಚ್ಚು ಕಡಿಮೆ ಇದೇ ಪ್ರಮಾಣದ್ದು. ತವರ ಕಡಿಮೆಯಾದರೆ ಸ್ವರ ಮಂದ. ತೀರ ಹೆಚ್ಚಾದರೆ ಗಂಟೆ ಗಾಜಿನಂತೆ ಒಡೆಯುತ್ತದೆ. ತೂಕದಲ್ಲಿ ಮೂರನೆಯ ಒಂದು ಪಾಲಿನಷ್ಟು ತವರ ಬೆರೆಸಿದರೆ ಸ್ವರದ ಮಾತೇ ಬೇರೆ, ಅದು ಕನ್ನಡಿಯಾಗುತ್ತದೆ. ಕೇರಳದ ಆರನ್ಮುಳ ಕನ್ನಡಿ ಅಂಥದು.

ಬಿಂಬಗಳ ಎರಕದಲ್ಲಿ ಪ್ರಮಾಣ ಬೇರೆ. ಪಂಚಲೋಹವೆಂದರೆ ಯಾವ ಐದು ಎಂಬುದರಲ್ಲಿ ಗ್ರಂಥಗಳೊಳಗೆ ಏಕಮತವಿಲ್ಲ. ದಕ್ಷಿಣ ಭಾರತದ ನೂರಕ್ಕೂ ಹೆಚ್ಚು ಪ್ರಾಚೀನ ಲೋಹಬಿಂಬಗಳನ್ನು ವಿಶ್ಲೇಷಿಸಿದ ವಿದ್ವಾಂಸೆ ಶಾರದಾ ಶ್ರೀನಿವಾಸನ್ ಅವರ ಸಂಶೋಧನೆಯಿಂದ ತಿಳಿದುಬಂದಂತೆ, ಅವುಗಳಲ್ಲಿ ಬಹುಪಾಲು ತಾಮ್ರಕ್ಕೆ ತವರವನ್ನೂ ಸೀಸವನ್ನೂ ಬೆರೆಸಿದ ಕಂಚುಗಳೇ. ತವರ ಸೇರಿದ ತಾಮ್ರ ಬೇಗ ಕರಗುತ್ತದೆ, ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ, ಕೇಶರಾಶಿಯ ಸುರುಳಿಗಳೂ ಬೆರಳುಗಳೂ ತೀಡಿದಂತೆ ಮೂಡುತ್ತವೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮೇಣದ ಬಿಂಬವನ್ನು ಮೊದಲು ತೂಗಿ, ಆ ತೂಕದ ಮೇಲೆ ಲೋಹದ ಲೆಕ್ಕ ಹಾಕಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಹೊರಬಿಟ್ಟು ಎರಕ ಹೊಯ್ಯುವ ವಿಧಾನ ಬಂದಿದೆ. 1430ರಲ್ಲಿ ನಿರ್ಮಿತವಾದ ಮೂಡುಬಿದಿರೆಯ ತ್ರಿಭುವನ ತಿಲಕ ಚೂಡಾಮಣಿ ಬಸದಿಯ ಚಂದ್ರನಾಥ ಸ್ವಾಮಿಯ ಪಂಚಲೋಹ ಬಿಂಬವನ್ನು ಕಂಡವರಿಗೆ ಎರಕದ ಕೌಶಲವನ್ನು ವರ್ಣಿಸಿ ಹೇಳಬೇಕಾಗಿಲ್ಲ.

ಇನ್ನು ಬೋಗಾರರ ವಿಷಯ. ಕರ್ನಾಟಕ ಮತ್ತು ದಕ್ಷಿಣ ಮಹಾರಾಷ್ಟ್ರದ ದಿಗಂಬರ ಜೈನರಲ್ಲಿ ಚತುರ್ಥ, ಪಂಚಮ, ಸೇತವಾಳ ಮುಂತಾದ ಪಂಗಡಗಳ ಜೊತೆಗೆ ಬೋಗಾರ ಪಂಗಡವೂ ಒಂದು. ಮರಾಠಿ ಸೀಮೆಯಲ್ಲಿ ಇವರೇ ಕಾಸಾರರು. ತಾಮ್ರ ಹಿತ್ತಾಳೆ ಕಂಚುಗಳ ಪಾತ್ರೆ ಮಾಡುವುದು, ಮಾರುವುದು ಇವರ ಪರಂಪರಾಗತ ವೃತ್ತಿ. ಕಾಸಾರ ಎಂಬುದು ಕಾಂಸ್ಯಕಾರ ಶಬ್ದದಿಂದ ಬಂದದ್ದು. ಕಾಂಸ್ಯವೆಂದರೆ ತವರ ಬೆರೆತ ತಾಮ್ರ. ಹೀಗೆ ಹೆಸರಿನಲ್ಲಿಯೇ ತವರವನ್ನು ಹೊತ್ತ ಪಂಗಡ ಅದು. ಬೆಳಗಾವಿಯ ಬೋಗಾರವೇಸ್ ಎಂಬ ಪೇಟೆಯ ಹೆಸರಿನಲ್ಲಿ ಈ ಕಸುಬಿನ ನೆನಪು ಉಳಿದುಕೊಂಡಿದೆ. ಜೈನರೆಂದರೆ ಒಕ್ಕಲುತನ, ವ್ಯಾಪಾರ ಎಂದಷ್ಟೇ ಬರೆದು ಮುಗಿಸುವ ಪುಸ್ತಕಗಳು ಸುತ್ತಿಗೆ ಹಿಡಿದ ಈ ಜೈನರನ್ನು ಮರೆತುಬಿಡುತ್ತವೆ. ಅದು ನ್ಯಾಯವಲ್ಲ.

ಲೋಹವಿದ್ಯೆಯ ಬರವಣಿಗೆಯಲ್ಲಿಯೂ ಜೈನರ ಪಾಲು ಕಡಿಮೆಯಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಬೇರೆ ಬೇರೆ ವರ್ಣದ ಬಂಗಾರಗಳನ್ನು ಬೆರೆಸಿದಾಗ ಒಟ್ಟು ಮಿಶ್ರಣದ ವರ್ಣ ಎಷ್ಟೆಂದು ಕಂಡುಹಿಡಿಯುವ ಲೆಕ್ಕಗಳಿವೆ. ದಿಲ್ಲಿಯ ಅಲಾವುದ್ದೀನ್ ಖಿಲ್ಜಿಯ ಆಳ್ವಿಕೆಯಲ್ಲಿ ಭಂಡಾರದ ಸೇವೆಯಲ್ಲಿದ್ದ ಠಕ್ಕುರ ಫೇರೂ ಎಂಬ ಶ್ರೀಮಾಲ ಜೈನ 1318ರಲ್ಲಿ ದ್ರವ್ಯಪರೀಕ್ಷೆ ಎಂಬ ನಾಣ್ಯಶಾಸ್ತ್ರ ಗ್ರಂಥವನ್ನು ಬರೆದನು. ಧಾತುಗಳ ಉತ್ಪತ್ತಿಯನ್ನು ಕುರಿತು ಅವನ ಇನ್ನೊಂದು ಸಣ್ಣ ಕೃತಿ ಧಾತೂತ್ಪತ್ತಿ. ಟಂಕಸಾಲೆಯ ಬೆಂಕಿಯ ಮುಂದೆ ನಿಂತು ಕಂಡದ್ದನ್ನು ಪ್ರಾಕೃತದಲ್ಲಿ ಬರೆದ ಇಂಥ ಲೇಖಕರು ಭಾರತೀಯ ಸಾಹಿತ್ಯದಲ್ಲಿ ಬೆರಳೆಣಿಕೆಯವರು.

ಕಂಚಿನ ಬಳಿಕ ಕಲಾಯಿ. ತಾಮ್ರ ಮತ್ತು ಹಿತ್ತಾಳೆಯ ಪಾತ್ರೆಗಳು ಬಿಸಿಯನ್ನು ಸಮನಾಗಿ ಹರಡುತ್ತವೆ, ಹತ್ತಾರು ವರ್ಷ ಬಾಳುತ್ತವೆ. ಆದರೆ ಹುಣಿಸೆ, ಮಜ್ಜಿಗೆ, ನಿಂಬೆಗಳ ಹುಳಿ ತಾಮ್ರವನ್ನು ತಿಂದು ಹಸಿರು ಕಿಲುಬನ್ನು ಹುಟ್ಟಿಸುತ್ತದೆ. ಅಂಥ ಅಡಿಗೆ ಉಂಡವರಿಗೆ ವಾಂತಿ, ಹೊಟ್ಟೆನೋವು ತಪ್ಪದು. ಇದಕ್ಕೆ ಪರಿಹಾರ, ಪಾತ್ರೆಯ ಒಳಮೈಗೆ ತವರದ ತೆಳುವಾದ ಹೊದಿಕೆ ಕೊಡುವುದು. ಈ ಉಪಾಯ ಪಶ್ಚಿಮದಲ್ಲಿಯೂ ಪುರಾತನ. ಹೀಗೆ ಬಳಿದ ಪಾತ್ರೆಯ ಅಡಿಗೆಗೆ ರುಚಿ ಹೆಚ್ಚು, ಕಿಲುಬಿನ ವಿಷ ಅಡಗುತ್ತದೆ, ಪಾತ್ರೆಯ ತೂಕ ಮಾತ್ರ ಹೆಚ್ಚುವುದಿಲ್ಲ ಎಂಬರ್ಥದ ಮಾತನ್ನು ಪ್ಲಿನಿಯೇ ಬರೆದಿದ್ದಾನೆ.

ಕಲಾಯಿ ಹಾಕುವ ಕೆಲಸ ನೋಡಲು ಸರಳ, ಮಾಡಲು ಕಠಿಣ. ಮೊದಲು ಪಾತ್ರೆಯ ಜಿಡ್ಡು ಕಿಲುಬುಗಳನ್ನು ಹುಣಿಸೆಹಣ್ಣು ಇಲ್ಲವೆ ಆಮ್ಲ ಹಚ್ಚಿ ಬಿಡಿಸಬೇಕು. ದೊಡ್ಡ ಹಂಡೆಯಾದರೆ ಒಳಗೆ ಮರಳು ಹಾಕಿ, ಕೆಲಸದವನು ಅದರೊಳಗೆ ನಿಂತು, ಮೇಲೊಂದು ಆಸರೆ ಹಿಡಿದುಕೊಂಡು ಪಾದಗಳಿಂದ ಅತ್ತಿತ್ತ ತಿರುಗುತ್ತ ಉಜ್ಜುತ್ತಾನೆ. ನೆಲದಲ್ಲಿ ಗುಂಡಿ ತೋಡಿ, ತಿದಿಯ ಮೂತಿಯನ್ನು ಮಣ್ಣಿನಡಿಯಲ್ಲಿ ಸೇರಿಸಿ, ಇದ್ದಿಲು ಹೊತ್ತಿಸಿ, ಪಾತ್ರೆಯನ್ನು ಬೆಂಕಿಯ ಮೇಲೆ ತಿರುಗಿಸುತ್ತ ಕಾಯಿಸುತ್ತಾರೆ. ಕಾವು ಸರಿಯಾದಾಗ ನವಸಾಗರದ ಪುಡಿಯನ್ನು ಎರಚಿ ಹತ್ತಿಯಿಂದ ಒರೆಸಿದರೆ ಮೂಗಿಗೆ ಖಾರವಾದ ಬಿಳಿಯ ಹೊಗೆ ಏಳುತ್ತದೆ. ನವಸಾಗರ ಕಾವಿನಲ್ಲಿ ಒಡೆದು ಉಪ್ಪಿನ ಆಮ್ಲದ ಆವಿ ಕೊಡುತ್ತದೆ. ಆ ಆವಿ ತಾಮ್ರದ ಮೇಲಣ ಕರಕನ್ನು ತಿಂದು ಶುದ್ಧವಾದ ಲೋಹವನ್ನು ಹೊರಗೆಡಹುತ್ತದೆ. ಆ ಗಳಿಗೆಯಲ್ಲಿಯೇ ತವರದ ಕಡ್ಡಿಯನ್ನು ಮುಟ್ಟಿಸಬೇಕು. ತವರ ಕರಗಿ ಹರಿದೊಡನೆ ಹತ್ತಿಯ ಉಂಡೆಯಿಂದ ಸುತ್ತಲೂ ಒರೆಸಿಬಿಟ್ಟರೆ, ಕೆಂಪು ಪಾತ್ರೆಯ ಒಳಗೆ ಬೆಳ್ಳಿಯ ಹೊಳಪು ಹರಡುತ್ತದೆ. ಕೂಡಲೇ ತಣ್ಣೀರಿಗೆ ಅದ್ದುತ್ತಾರೆ. ಊರಿನ ಮಕ್ಕಳೆಲ್ಲ ಸುತ್ತ ಕುಳಿತು ನೋಡುತ್ತಿದ್ದ ದೃಶ್ಯ ಅದು.

ಇಲ್ಲಿ ಕಾವಿನ ಹದವೇ ವಿದ್ಯೆ. ಕಡಿಮೆಯಾದರೆ ತವರ ಹಿಡಿಯದು. ಹೆಚ್ಚಾದರೆ ತವರ ತಾಮ್ರದೊಳಗೆ ಇಂಗಿ ಹೊಳಪು ಮಾಸುತ್ತದೆ. ತವರ ತಾಮ್ರಕ್ಕೆ ಬಣ್ಣದಂತೆ ಮೇಲೆ ಅಂಟಿಕೊಳ್ಳುವುದಲ್ಲ, ಸೇರುವ ಗಡಿಯಲ್ಲಿ ಅವೆರಡೂ ಬೆರೆತು ತೆಳುವಾದ ಹೊಸ ಪದರವೊಂದು ಆಗುತ್ತದೆ. ಆದುದರಿಂದಲೇ ಕಲಾಯಿ ಸಿಪ್ಪೆಯಂತೆ ಸುಲಿಯದೆ ನಿಧಾನವಾಗಿ ಸವೆಯುತ್ತದೆ. ದಿನವೂ ಬಳಸುವ ಪಾತ್ರೆಗೆ ಕೆಲವು ತಿಂಗಳಿಗೊಮ್ಮೆ, ಹಬ್ಬಹರಿದಿನಗಳ ದೊಡ್ಡ ಪಾತ್ರೆಗೆ ವರ್ಷಕ್ಕೊಮ್ಮೆ ಕಲಾಯಿ ಬೇಕು. ಒಗ್ಗರಣೆಗೆಂದು ಒಣ ಪಾತ್ರೆಯನ್ನು ಬೆಂಕಿಯ ಮೇಲೆ ಮರೆತರೆ ಕಲಾಯಿ ಕರಗಿ ಮಣಿಗಟ್ಟುತ್ತದೆ.

ಈ ಕಸುಬಿನವರಲ್ಲಿ ಅನೇಕರು ಮುಸಲ್ಮಾನರು. ತಿದಿ, ಇದ್ದಿಲಿನ ಚೀಲ, ತವರದ ಕಡ್ಡಿಗಳನ್ನು ಹೊತ್ತು ಊರಿಂದೂರಿಗೆ ಹೋಗುತ್ತಿದ್ದರು. ಬೋಗಾರನು ಬಡಿದ ಪಾತ್ರೆಗೆ ಕಲಾಯಿಗಾರನು ಒಳಹೊದಿಕೆ ಕೊಟ್ಟ ಬಳಿಕವೇ ಅದು ಒಲೆಯ ಮೇಲೆ ಏರುತ್ತಿತ್ತು. ಸಂತರ್ಪಣೆಯ ಅಡಿಗೆಗೆ ಮುಂಚೆ ಕೊಪ್ಪರಿಗೆಗಳ ಕಲಾಯಿ ನೋಡಿಕೊಳ್ಳುವುದು ಅಂದಿನ ವ್ಯವಸ್ಥಾಪಕರ ಮೊದಲ ಕೆಲಸಗಳಲ್ಲಿ ಒಂದಾಗಿತ್ತು.

ಶುದ್ಧ ತವರದಿಂದಲೇ ಪಾತ್ರೆ ಮಾಡುವ ವಾಡಿಕೆಯೂ ಒಂದಿದೆ. ತಮಿಳುನಾಡಿನ ಈಯಚ್ಚೊಂಬು ಅಂಥದು. ಸಾರು ಕುದಿಸುವುದಕ್ಕೆ ಅದಕ್ಕೆ ಸಮನಾದುದಿಲ್ಲವೆಂದು ಬಲ್ಲವರು ಹೇಳುತ್ತಾರೆ. 232 ಡಿಗ್ರಿಗೆ ಕರಗುವ ಪಾತ್ರೆ ಒಲೆಯ ಮೇಲೆ ಉಳಿಯುವುದು ಹೇಗೆ? ಒಳಗೆ ನೀರು ಇರುವ ತನಕ ಪಾತ್ರೆಯ ಮೈ ನೀರಿನ ಕುದಿಯುವ ಕಾವನ್ನು ಬಹಳವಾಗಿ ಮೀರುವುದಿಲ್ಲ. ಆದ್ದರಿಂದ ಮೊದಲು ಸಾರು ಹೊಯ್ದು ಆಮೇಲೆ ಒಲೆಗೆ ಇಡಬೇಕು. ನೀರು ಆರಿದರೆ ಚೊಂಬು ಒಲೆಯ ಪಾಲು. ತವರದ ಹೆಸರಿನಲ್ಲಿ ಸೀಸದ ಚೊಂಬು ಮಾರಿದರೆ ಕೊಂಡವನಿಗೆ ಹೊರನೋಟದಿಂದ ತಿಳಿಯುವುದು ಕಷ್ಟ. ಅಪಾಯ ಇರುವುದು ಇಲ್ಲಿಯೇ.

ಮೂರನೆಯದು ಬೆಸುಗೆ. ಬಿಳಿಗಾರ ಹಾಕಿ ಹಿತ್ತಾಳೆಯ ಪುಡಿಯಿಂದ ಮಾಡುವ ಕಠಿಣ ಬೆಸುಗೆ ಬೇರೆ; ತವರದ ಬೆಸುಗೆ ಮೆದುವಾದದ್ದು. ಇದರಲ್ಲಿ ಜೋಡಿಸಬೇಕಾದ ಲೋಹಗಳು ಕರಗುವುದಿಲ್ಲ. ಅವುಗಳ ನಡುವಣ ಸಂದಿಗೆ ತವರ ಕರಗಿ ತಾನಾಗಿ ಹೀರಿಕೊಂಡು ಹೋಗಿ ಎರಡು ಕಡೆಯ ಮೈಯನ್ನೂ ಹಿಡಿದುಕೊಳ್ಳುತ್ತದೆ. ಮೈ ಶುದ್ಧವಾಗಿರಲೆಂದು ರಾಳವನ್ನೋ, ನವಸಾಗರವನ್ನೋ, ಸತುವನ್ನು ಉಪ್ಪಿನ ಆಮ್ಲದಲ್ಲಿ ಕರಗಿಸಿದ ದ್ರವವನ್ನೋ ಮೊದಲು ಹಚ್ಚುತ್ತಾರೆ. ತವರಕ್ಕೆ ಸೀಸ ಬೆರೆಸಿದರೆ ಬೆಲೆ ಇಳಿಯುವುದಷ್ಟೇ ಅಲ್ಲ, ಕರಗುವ ಕಾವೂ ಇಳಿಯುತ್ತದೆ. 62 ಪಾಲು ತವರ, 38 ಪಾಲು ಸೀಸದ ಮಿಶ್ರಣ 183 ಡಿಗ್ರಿಯಲ್ಲಿಯೇ ಕರಗಿ, ಆ ಕಾವಿಗಿಂತ ಇಳಿದೊಡನೆ ಥಟ್ಟನೆ ಗಟ್ಟಿಯಾಗುತ್ತದೆ. ಸೂಕ್ಷ್ಮ ಕೆಲಸಕ್ಕೆ ಇದು ಯೋಗ್ಯ. ಒಂದು ಪಾಲು ತವರಕ್ಕೆ ಎರಡು ಪಾಲು ಸೀಸವಾದರೆ ಅದು ಬೇಗ ಗಟ್ಟಿಯಾಗದೆ ಸ್ವಲ್ಪ ಹೊತ್ತು ಬೆಣ್ಣೆಯಂತೆ ಇರುತ್ತದೆ. ಕೊಳವೆ ಜೋಡಿಸುವವನು ಅದನ್ನು ಬಟ್ಟೆಯಿಂದ ನೀವಿ ಸಂದಿಯ ಸುತ್ತ ಗಂಟಿನಂತೆ ಕೂಡಿಸಬಹುದು. ರೋಮಿನ ನೀರಿನ ಕೊಳವೆಗಳಿಗೆ ಬಳಸುತ್ತಿದ್ದ ಬೆಸುಗೆ ಇದೇ ಎರಡಕ್ಕೊಂದರ ಪ್ರಮಾಣದ್ದೆಂದು ಪ್ಲಿನಿಯ ಬರಹದಿಂದ ತಿಳಿಯುತ್ತದೆ. ಎರಡು ಸಾವಿರ ವರ್ಷ ಕಳೆದರೂ ಕೊಳಾಯಿ ಕೆಲಸದವರು ಆ ಪ್ರಮಾಣವನ್ನು ಬಿಟ್ಟಿರಲಿಲ್ಲ.

ಬೆಸುಗೆಗೆ ಮಿತಿಯುಂಟು. ಸೀಳಿದ ಗಂಟೆಗೆ ತವರದ ಬೆಸುಗೆ ಹಾಕಿದರೆ ಸೀಳು ಮುಚ್ಚಬಹುದು, ನಾದ ಮರಳುವುದಿಲ್ಲ. ಮೃದುವಾದ ಬೆಸುಗೆ ಕಂಪನವನ್ನು ನುಂಗಿಬಿಡುತ್ತದೆ. ಅಂಥ ಗಂಟೆಯನ್ನು ಕರಗಿಸಿ ಮತ್ತೆ ಎರಕ ಹೊಯ್ಯುವುದೊಂದೇ ದಾರಿ. ಬಿಂಬಗಳ ವಿಷಯದಲ್ಲಿ ಶ್ವೇತಾಂಬರ ಸಂಪ್ರದಾಯದ ಆಚಾರದಿನಕರವೆಂಬ ವಿಧಿಗ್ರಂಥ ಕಲ್ಲು ಮರಗಳ ಬಿಂಬಕ್ಕೂ ಲೋಹದ ಬಿಂಬಕ್ಕೂ ಭೇದ ಮಾಡಿ, ಊನವಾದ ಲೋಹಬಿಂಬ ಮಾತ್ರ ಸಂಸ್ಕಾರಕ್ಕೆ ಅರ್ಹವೆಂದು ಹೇಳುತ್ತದೆ. ಕರಗಿ ಕೂಡಬಲ್ಲ ವಸ್ತುವಿಗೂ ಒಡೆದರೆ ಕೂಡದ ವಸ್ತುವಿಗೂ ಇರುವ ಅಂತರವನ್ನು ಶಾಸ್ತ್ರಕಾರರೂ ಗಮನಿಸಿದ್ದರೆಂದು ತೋರುತ್ತದೆ.

ತಗಡಿನ ಡಬ್ಬ ಬಂದದ್ದು ಇತ್ತೀಚೆಗೆ. ಕಬ್ಬಿಣದ ತೆಳು ಹಾಳೆಗೆ ತವರ ಬಳಿದರೆ ತುಕ್ಕು ಹಿಡಿಯದ ತಗಡಾಗುತ್ತದೆ. ಆಹಾರವನ್ನು ಇಂಥ ಡಬ್ಬದಲ್ಲಿ ಮುಚ್ಚಿಡುವ ವಿಧಾನಕ್ಕೆ 1810ರಲ್ಲಿ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಂಡ್ ಎಂಬವನಿಗೆ ಸನ್ನದು ದೊರೆಯಿತು. ಭಾರತಕ್ಕೆ ಇದರ ಪರಿಚಯ ಮಾಡಿಸಿದ್ದು ಊಟಕ್ಕಿಂತ ಹೆಚ್ಚಾಗಿ ಸೀಮೆಎಣ್ಣೆ. ನಾಲ್ಕು ಗ್ಯಾಲನ್, ಎಂದರೆ ಸುಮಾರು 18 ಲೀಟರಿನ ಚೌಕದ ಡಬ್ಬಗಳು ಹಳ್ಳಿಹಳ್ಳಿಗೂ ಹೋದವು. ಈ ಡಬ್ಬಗಳಿಗೆ ಬೇಕಾದ ತಗಡಿಗಾಗಿಯೇ 1920ರಲ್ಲಿ ಜಮ್‌ಶೇಡ್‌ಪುರದ ಬಳಿ ಟಿನ್‌ಪ್ಲೇಟ್ ಕಂಪನಿ ಸ್ಥಾಪಿತವಾಯಿತು. ಎಣ್ಣೆ ಮುಗಿದ ಡಬ್ಬವನ್ನು ಯಾರೂ ಬಿಸಾಡುತ್ತಿರಲಿಲ್ಲ. ಬೀದಿಯ ತಗಡಿನ ಕೆಲಸದವನು ಅದನ್ನು ಕತ್ತರಿಸಿ, ಮಡಿಸಿ, ಬೆಸುಗೆ ಹಾಕಿ ಚಿಮಣಿ ಬುಡ್ಡಿ, ಲಾಳಿಕೆ, ಎಣ್ಣೆಯ ಅಳತೆ, ಬೇಳೆಕಾಳಿನ ಡಬ್ಬಿ ಮಾಡಿಕೊಡುತ್ತಿದ್ದನು. ವಿದ್ಯುತ್ತು ಬರುವ ಮುನ್ನ ಬಡವರ ಮನೆಯ ರಾತ್ರಿಯ ಬೆಳಕು ಬಹುಮಟ್ಟಿಗೆ ಈ ಬೆಸುಗೆಯ ಮೇಲೆ ನಿಂತಿತ್ತು. ಅದೇ ವಿದ್ಯೆ ಬೇರೆ ರೂಪದಲ್ಲಿ 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1954ರ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳನ್ನು ಪ್ರವೇಶಿಸಿತು. ಇಂದು ಜಗತ್ತಿನ ತವರದಲ್ಲಿ ಸುಮಾರು ಅರ್ಧ ಪಾಲು ಬೆಸುಗೆಗೇ ವ್ಯಯವಾಗುತ್ತದೆ. ಸೀಸದ ವಿಷಕ್ಕೆ ಅಂಜಿ ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ ಹೆಚ್ಚಿನ ವಿದ್ಯುನ್ಮಾನ ಸಲಕರಣೆಗಳಲ್ಲಿ ಸೀಸದ ಬೆಸುಗೆಯನ್ನು ನಿಲ್ಲಿಸಿದ ಮೇಲೆ, ತವರಕ್ಕೆ ಸ್ವಲ್ಪ ಬೆಳ್ಳಿ, ಸ್ವಲ್ಪ ತಾಮ್ರ ಬೆರೆಸಿದ ಬೆಸುಗೆ ಎಲ್ಲೆಡೆ ಬಳಕೆಗೆ ಬಂದಿದೆ.

ಅಡಿಗೆಮನೆಯಲ್ಲಿ ಮಾತ್ರ ತವರ ಹಿಂದೆ ಸರಿಯಿತು. ಮದ್ರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ 1898ರಲ್ಲಿ ಅಲ್ಯೂಮಿನಿಯಮ್ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದನು. ಇವನೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾದನು. ಕಲಾಯಿಯ ಗೊಡವೆಯಿಲ್ಲದ ಅಗ್ಗದ ಪಾತ್ರೆ ಬಂದದ್ದು ಹೀಗೆ. 1960ರ ಬಳಿಕ ಸ್ಟೀಲ್ ಪಾತ್ರೆಗಳು ಮನೆಗಳನ್ನು ತುಂಬಿದವು. ಹಳೆಯ ತಾಮ್ರ ಹಿತ್ತಾಳೆಗಳು ತೂಕಕ್ಕೆ ಮಾರಾಟವಾದವು. ಬೋಗಾರರ ಅಂಗಡಿಗಳು ಸ್ಟೀಲಿನ ಅಂಗಡಿಗಳಾದವು, ಕಲಾಯಿಗಾರರ ಮಕ್ಕಳು ಬೇರೆ ಕೆಲಸ ಹಿಡಿದರು. ಇತ್ತೀಚಿನ ವರ್ಷಗಳಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಮತ್ತೆ ಕೊಳ್ಳುವವರಿದ್ದಾರೆ, ಆದರೆ ಕಲಾಯಿ ಹಾಕುವವರು ಸಿಕ್ಕುವುದು ದುರ್ಲಭ. ಸಿಕ್ಕಿದವರಲ್ಲಿಯೂ ಶುದ್ಧ ತವರದ ಬೆಲೆಗೆ ಹೆದರಿ ಸೀಸ ಬೆರೆತ ಬೆಸುಗೆಯ ಕಡ್ಡಿಯನ್ನೇ ಕಲಾಯಿಗೆ ಬಳಸುವವರು ಉಂಟು. ಹೊಳಪಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಕಿಲುಬಿನಿಂದ ಕಾಪಾಡಬೇಕಾದ ಹೊದಿಕೆಯೇ ಅದಕ್ಕಿಂತ ಕೆಟ್ಟ ವಿಷವನ್ನು ಅನ್ನಕ್ಕೆ ಇಳಿಸುತ್ತದೆ. ಬಸದಿಗಳ ಉಗ್ರಾಣದಲ್ಲಿ ದಾನಿಗಳ ಹೆಸರು ಕೊರೆದ ಹಿಂದಿನ ಕೊಪ್ಪರಿಗೆ ಹಂಡೆಗಳು ಇನ್ನೂ ಇರುವ ಕಡೆ, ಅವುಗಳನ್ನು ಒಲೆಗೆ ಏರಿಸುವ ಮುನ್ನ ಈ ಅಂಶವನ್ನು ವಿಚಾರಿಸದೆ ಬಿಡುವಂತಿಲ್ಲ.

ಹಿಂದಿನವರಿಗೆ ಇದನ್ನು ತಿಳಿಯುವ ಉಪಾಯಗಳಿದ್ದವು. ಅವಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಸೀಸ ಹೆಚ್ಚಾಗಿ ಬೆರೆತ ಕಡ್ಡಿಯನ್ನು ಬಿಳಿಯ ಕಾಗದದ ಮೇಲೆ ಎಳೆದರೆ ಸೀಸದಕಡ್ಡಿಯಂತೆ ಬೂದು ಗೆರೆ ಮೂಡುತ್ತದೆ. ಒಳ್ಳೆಯ ತವರ ಅಂಥ ಗೆರೆ ಬಿಡುವುದಿಲ್ಲ. ಒಂದೇ ಗಾತ್ರದ ಕಡ್ಡಿಗಳಲ್ಲಿ ಸೀಸದ್ದು ಕೈಗೆ ಎದ್ದುಕಾಣುವಷ್ಟು ಭಾರ. ಇವೆರಡಕ್ಕಿಂತ ಹಳೆಯ ಪರೀಕ್ಷೆ ಕಿವಿಯದು. ಶುದ್ಧ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ, ಒಳಗಿನ ಹರಳುಗಳು ಒಂದರ ಮೇಲೊಂದು ಜರುಗಿ ಚರಚರನೆ ಸದ್ದು ಮಾಡುತ್ತವೆ. ಸೀಸ ಸದ್ದಿಲ್ಲದೆ ಬಗ್ಗುತ್ತದೆ.